ಬಳೆಗಾರನ ಬೆನ್ನು

"ಬುದ್ಧಿ, ಸೇವೆ ಮಾಡಿಸಿಕೊಂಡವನಿಗೆ ಉಪಕಾರಸ್ಮರಣೆ ಬೇಡವೆ?"

ಕೇಳಿದವನು ಮರುಳಯ್ಯ. ಮಠದ ಹಿಂಭಾಗದಲ್ಲಿ ದಿಕ್ಕಿಲ್ಲದ ರೋಗಿಗಳಿಗೆಂದು ಒಂದು ಆರೈಕೆಯ ಮನೆ ಇತ್ತು. ಶಿಷ್ಯನಾಗಿ ಬಂದವನು ಮೊದಲು ಅಲ್ಲಿ ಕೆಲಸ ಮಾಡಬೇಕು, ಪಾಠ ಆಮೇಲೆ. ಅದು ಆ ಮಠದ ನಡಾವಳಿ. ರೋಗಿಗಳ ಮೈ ಒರೆಸುವುದು, ಗಂಜಿ ಕುಡಿಸುವುದು, ಬಟ್ಟೆ ಒಗೆಯುವುದು ಎಲ್ಲವೂ ಮರುಳಯ್ಯನ ಪಾಲಿಗೆ ಬಂದಿತ್ತು. ಆ ಬೆಳಿಗ್ಗೆ ಅವನು ಕೆಲಸವನ್ನು ನಡುವೆಯೇ ಬಿಟ್ಟು ಗುರುಗಳ ಮುಂದೆ ಬಂದು ನಿಂತಿದ್ದ.

"ಏನಾಯಿತು?" ಎಂದರು ಗುರುಗಳು.

"ಬಾಗಿಲ ಪಕ್ಕದ ಮಂಚದವನು, ಬುದ್ಧಿ. ಮುಟ್ಟಿದರೂ ಬೈಯುತ್ತಾನೆ, ಮುಟ್ಟದಿದ್ದರೂ ಬೈಯುತ್ತಾನೆ. ಈಗ ಗಂಜಿಯ ಬಟ್ಟಲನ್ನೇ ನನ್ನ ಮೇಲೆ ಎಸೆದ. ಹೆತ್ತ ಮಗನೂ ಮಾಡದ್ದನ್ನು ಅವನಿಗೆ ಮಾಡುತ್ತಿದ್ದೇನೆ. ಮೂಲೆಯ ಮಂಚದವನಾದರೋ ನೀರು ಕೊಟ್ಟರೂ ಕೈ ಮುಗಿಯುತ್ತಾನೆ. ಇವನ ಒಂದು ಒಳ್ಳೆಯ ಮಾತಿಗೂ ನಾನು ಯೋಗ್ಯನಲ್ಲವೆ? ಇವನ ಸೇವೆಯನ್ನು ಬೇರೆ ಯಾರಿಗಾದರೂ ವಹಿಸಿ. ಇಲ್ಲವಾದರೆ ನಾನು ಊರಿಗೆ ಹೋಗುತ್ತೇನೆ."

ಗುರುಗಳು ಮುಂಗೋಪಿಗಳೆಂದು ಮಠದಲ್ಲಿ ಹೆಸರಾದವರು. ಆದರೆ ಆಗ ಗದರಲಿಲ್ಲ.

"ಊರಿಗೆ ಹೋಗುವವನು ಊಟ ಮಾಡಿಕೊಂಡು ಹೋಗು. ಊಟಕ್ಕೆ ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಇಲ್ಲಿ ಕೂತು ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆಗಳನ್ನು ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಹೆಂಗಸರಿಗೆ ಬಳೆ ತೊಡಿಸುವುದು ಅವನ ಕಸುಬು. ನೀನು ಬಳೆ ತೊಟ್ಟವನಲ್ಲ, ನಿನಗೆ ಗೊತ್ತಿರಲಾರದು. ಬಳೆ ಕೈಗೆ ಒಪ್ಪವಾಗಿ ಕೂರಬೇಕಾದರೆ ಅದು ಮಣಿಕಟ್ಟಿನ ಅಳತೆಯದೇ ಆಗಿರಬೇಕು. ಕೈಯ ಗೆಣ್ಣು ದಾಟುವಾಗ ಕಣ್ಣಲ್ಲಿ ನೀರು ಬರುತ್ತದೆ. ನೋವಿಗೆ ಹೆದರಿ ಕೈ ಬಿಗಿ ಹಿಡಿದರೆ ಬಳೆ ಒಡೆದು ಕೈ ಕೊಯ್ಯುತ್ತದೆ. ಅದಕ್ಕೇ ಬಳೆಗಾರನಾದವನು ಕೈಯಿಂದ ಬಳೆ ಏರಿಸುತ್ತ ಬಾಯಿಂದ ಮಾತು ಹರಿಸುತ್ತಿರಬೇಕು. "ಏನು ತಾಯಿ, ತವರಿನಲ್ಲಿ ಎಲ್ಲ ಸೌಖ್ಯವೆ? ಲಕ್ಷ್ಮಿಯಂಥ ಕೈ ನಿಮ್ಮದು!" ಎನ್ನುತ್ತಿರುವಾಗಲೇ ಬಳೆ ಏರಿಬಿಟ್ಟಿರುತ್ತದೆ. ಎದುರಿನವಳಿಗೆ ನೋವು ತಿಳಿಯಬಾರದು, ಅಷ್ಟೆ. ನಮ್ಮ ಬಳೆಗಾರನಂತೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಅವನ ಕೈಯಲ್ಲಿ ಬಳೆ ತೊಟ್ಟು ಅತ್ತ ಹುಡುಗಿಯೇ ಇಲ್ಲ ಎಂದು ಸುತ್ತಲಿನ ಊರಿನವರು ಹೇಳುತ್ತಿದ್ದರು.

ಅವನ ಹೆಂಡತಿಯ ಬಾಯಿ ಬೇರೆ ಬಗೆಯದು. ಮನೆಗೆ ಬಂದ ಸೊಸೆಯನ್ನು ತಾನು ಬದುಕಿದ್ದಷ್ಟು ಕಾಲವೂ ಹುರಿದು ಮುಕ್ಕಿದಳು. ಅನ್ನ ಬೆಂದರೆ ಬೆಂದಿತೆಂದು, ಬೇಯದಿದ್ದರೆ ಬೇಯಲಿಲ್ಲವೆಂದು. ಏನಾದರೂ ಕೆಟ್ಟರೆ, "ನಿನ್ನ ಕೈಗುಣವೇ ಅಂಥದ್ದು" ಎನ್ನುವಳು. ಸೊಸೆಯ ಗಂಡ ಕೆಟ್ಟವನಲ್ಲ. ಆದರೆ ಅಮ್ಮನೆದುರು ತುಟಿ ಬಿಚ್ಚಿದವನಲ್ಲ. ಮಾವನಾದರೋ ಊರಿಗೆಲ್ಲ ಸವಿ ಹಂಚಿ ಬಂದು ಮನೆಯ ಹೊಸ್ತಿಲು ದಾಟಿದೊಡನೆ ಮೂಕನಾಗುತ್ತಿದ್ದ. ಹೀಗೆ ಆ ಸೊಸೆ ಆ ಮನೆಯಲ್ಲಿ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದವಳೇ ಅಲ್ಲ.

ಅತ್ತೆ ಸತ್ತಳು. ಮಲಾರ ಮಗನ ಹೆಗಲಿಗೆ ಬಂತು. ಕೆಲವು ಕಾಲದ ಮೇಲೆ ಮುದುಕ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು.

ವೈದ್ಯ ಬಂದ. ದಬ್ಬೆ ಕಟ್ಟಿದ. ಸೊಸೆಯನ್ನು ಕರೆದು ಹೇಳಿದ: "ಮೂಳೆ ಕೂಡುವವರೆಗೆ ಏಳುವ ಹಾಗಿಲ್ಲಮ್ಮ. ಆದರೆ ಹೀಗೇ ಅಂಗಾತ ಬಿಟ್ಟುಬಿಡಬೇಡ. ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸು. ಬೆನ್ನು ನೋಡು, ಒರೆಸು, ಒಣಗಿಸು. ಹೊರಳಿಸುವಾಗ ಕಿರುಚುತ್ತಾರೆ. ಕಿರುಚಲಿ." ಇಷ್ಟು ಹೇಳಿ ಅವನು ಬೇರೆ ಊರಿನ ರೋಗಿಗಳನ್ನು ನೋಡಲು ಹೋದ. ಅದು ಮದುವೆಗಳ ಕಾಲ. ಮಗನೂ ಮಲಾರ ಹೊತ್ತು ಊರೂರು ತಿರುಗಲು ಹೋದ. ಮನೆಯಲ್ಲಿ ಉಳಿದವರು ಮಾವ, ಸೊಸೆ ಇಬ್ಬರೇ.

ಸೊಸೆ ವೈದ್ಯ ಹೇಳಿದಂತೆಯೇ ಮಾಡಿದಳು. ಹೊರಳಿಸಿದಾಗ ಮುದುಕ ಪ್ರಾಣ ಹೋಗುವವನ ಹಾಗೆ ಕಿರುಚಿದ. ಅವಳು ಕೈ ತೆಗೆದುಬಿಟ್ಟಳು. "ನನ್ನ ಕೈಗುಣವೇ ಕೆಟ್ಟದ್ದು ಮಾವಯ್ಯ. ಅತ್ತೆ ಹೇಳುತ್ತಿದ್ದದ್ದು ಸುಳ್ಳಲ್ಲ" ಎಂದು ಅತ್ತುಬಿಟ್ಟಳು.

ಮುದುಕ ಅವಳ ಮುಖ ನೋಡಿದ. ಮಲಾರ ಹೊತ್ತಾಗಿನಿಂದ ಹೆಂಗಸರ ಮುಖದಲ್ಲಿ ನೋವು ಕಂಡೊಡನೆ ಬಾಯಿ ತೆರೆದವನು ಅವನು. ಬಿಟ್ಟಾನೆಯೆ? ಮಾರನೆಯ ದಿನ ಅವಳು ಹೊರಳಿಸಿ, "ನೋವಾಯಿತೆ ಮಾವಯ್ಯ?" ಎಂದು ಕೇಳಿದಾಗ ಹಲ್ಲು ಕಚ್ಚಿಕೊಂಡು ನಕ್ಕ.

"ಎಲ್ಲಿಯ ನೋವು ತಾಯಿ! ಹೂವಿನಂಥ ಕೈ ನಿನ್ನದು. ಹಿಂದಿನ ಜನ್ಮದಲ್ಲಿ ನೀನು ನನ್ನನ್ನು ಹೆತ್ತವಳೇ ಇರಬೇಕು. ಈ ಋಣ ನಾನು ಹೇಗೆ ತೀರಿಸಲಿ?"

ಸೊಸೆ ಅಡಿಗೆಮನೆಗೆ ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸಂತೋಷಕ್ಕೆ ಅತ್ತಳು. ಆ ಸಂತೋಷಕ್ಕೆ ನಗಬೇಡ, ಮರುಳಯ್ಯ. ಅದು ನಿಜವಾದ ಸಂತೋಷ.

ಅಲ್ಲಿಂದ ಮುಂದೆ ಆ ಕೋಣೆಗೆ ಹೋಗುವುದೆಂದರೆ ಅವಳಿಗೆ ತವರಿಗೆ ಹೋದ ಹಾಗೆ. ಗಂಜಿಗೆ ತುಪ್ಪ ಬಿಟ್ಟು ತರುವಳು. ಕಾಲು ಒತ್ತುವಳು. ಎದೆ, ತೋಳು, ಮುಖ ಒರೆಸುವಳು. ಪ್ರತಿಯೊಂದಕ್ಕೂ ಮುದುಕ ಕೈ ಮುಗಿಯುವನು. ಹೊರಳಿಸಲು ಬಂದರೆ ಮಾತ್ರ, "ಈಗ ಬೇಡ ತಾಯಿ, ಹಾಯಾಗಿದೆ. ಬೆಳಗಿನಿಂದ ನಿಂತೇ ಇದ್ದೀಯ. ಸ್ವಲ್ಪ ಕೂತುಕೋ" ಎನ್ನುವನು. ಮಾವನ ಮೈ ಎಂಬ ನಾಚಿಕೆ ಅವಳಿಗೂ ಇತ್ತು. ಕೆಳಗಿನ ಬಟ್ಟೆಯನ್ನು ಒಂದು ಬದಿಯಿಂದ ಎಳೆದು, ಇನ್ನೊಂದು ಬದಿಯಿಂದ ಒಗೆದದ್ದನ್ನು ಕಣ್ಣು ತಗ್ಗಿಸಿ ತೂರಿಸಿಬಿಡುವಳು. ಮೊದಲು ಒಂದು ಹೊತ್ತು ತಪ್ಪಿತು. ಆಮೇಲೆ ಒಂದು ದಿನ ತಪ್ಪಿತು. ಆಮೇಲೆ ಹೊರಳಿಸುವುದೇ ನಿಂತುಹೋಯಿತು. ನೀನಾಗಿದ್ದರೂ ನಿಲ್ಲಿಸುತ್ತಿದ್ದೆ. ಮೂತಿ ತಿರುಗಿಸಬೇಡ.

ಅದೇ ಬೀದಿಯಲ್ಲಿ ಒಬ್ಬ ಗಾಡಿ ಹೊಡೆಯುವವನಿದ್ದ. ಅವನೂ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಅವನನ್ನು ಹೆಂಡತಿ ನೋಡಿಕೊಳ್ಳುತ್ತಿದ್ದಳು. ಅವನ ಬಾಯಿ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. "ಎಲ್ಲಿ ಸತ್ತೆಯೇ? ಬೆನ್ನು ಉರಿಯುತ್ತಿದೆ, ಬಂದು ಹೊರಳಿಸೇ ಮಾರಿ! ಆ ಕಡೆಗಲ್ಲ, ಈ ಕಡೆಗೆ!" ಬೀದಿಯ ಹೆಂಗಸರು ಕೇಳಿ ಕೇಳಿ, "ಅಯ್ಯೋ ಪಾಪ, ಆ ಹೆಣ್ಣಿನ ಹಣೆಬರಹವೇ" ಎಂದು ಲೊಚಗುಟ್ಟುತ್ತಿದ್ದರು. ಆಮೇಲೆ ಬಳೆಗಾರನ ಮನೆಗೆ ಬಂದು ಕೂರುತ್ತಿದ್ದರು. ಮುದುಕ ಅವರ ಮುಂದೆ ಸೊಸೆಯನ್ನು ಬಾಯ್ತುಂಬ ಹೊಗಳುವನು. "ಸೇವೆ ಮಾಡಿದರೆ ಇಂಥವರಿಗೆ ಮಾಡಬೇಕು ಕಣಮ್ಮ" ಎಂದು ಅವರು ಸೊಸೆಯ ಗದ್ದ ಹಿಡಿದು ಹೇಳುವರು.

ಒಂದು ದಿನ ಸೊಸೆ ತಲೆದಿಂಬು ಸರಿಪಡಿಸಲು ಹೋಗಿ ಮುದುಕನ ಹೆಗಲನ್ನು ಕೊಂಚ ಎತ್ತಿದಳು. ಮುದುಕನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಏಕೆ ಮಾವಯ್ಯ? ಎಲ್ಲಾದರೂ ನೋವೆ?"

"ಇಲ್ಲ ತಾಯಿ. ನೀನು ನನಗೆ ಮಾಡುತ್ತಿರುವುದನ್ನು ನೆನೆದೆ. ಕಣ್ಣು ತುಂಬಿ ಬಂತು."

ಆ ಕಣ್ಣೀರಿನ ಸುದ್ದಿಯನ್ನು ಅವಳು ಬಾವಿಯ ಹತ್ತಿರ ಎಲ್ಲರಿಗೂ ಹೇಳಿದಳು. ಹೇಳುವಾಗ ತಾನೂ ಕಣ್ಣು ಒರೆಸಿಕೊಂಡಳು. ಕೇಳಿದವರೂ ಒರೆಸಿಕೊಂಡರು.

ಸ್ವಲ್ಪ ದಿನಕ್ಕೆ ಕೋಣೆಯಲ್ಲಿ ಒಂದು ನಾತ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ ಅವಳು ತಲೆದಿಂಬನ್ನು ಬಿಸಿಲಿಗೆ ಹಾಕಿದಳು, ಗೋಡೆಗೆ ಸುಣ್ಣ ಬಳಿದಳು, ಸಾಂಬ್ರಾಣಿಯ ಹೊಗೆ ಎಬ್ಬಿಸಿದಳು. ಮುದುಕ ಹೊಗೆಗೆ ಕೆಮ್ಮುತ್ತಲೇ, "ದೇವರ ಮನೆಯಲ್ಲಿ ಮಲಗಿದ ಹಾಗಿದೆ ತಾಯಿ" ಎಂದ.

ವೈದ್ಯ ತಿರುಗಿ ಬಂದಾಗ ಮಧ್ಯಾಹ್ನ. ಮಂಚದ ಸುತ್ತ ಹೆಂಗಸರು ಕೂತಿದ್ದರು, ಹೊಗಳಿಕೆ ನಡೆದಿತ್ತು. ವೈದ್ಯ ಹೊಸ್ತಿಲಲ್ಲೇ ಮೂಗು ಅರಳಿಸಿ ನಿಂತ. ಎಲ್ಲರನ್ನೂ ಹೊರಗೆ ಕಳಿಸಿದ. ಸೊಸೆಯ ಕೈ ಜೊತೆಗೆ ತನ್ನ ಕೈ ಸೇರಿಸಿ ಮುದುಕನನ್ನು ಹೊರಳಿಸಿದ. ಬಟ್ಟೆ ಮೈಗೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ನೆನೆಸಿ ಬಿಡಿಸಿದ.

ಹಾಸಿಗೆ ಹುಣ್ಣು. ಅಂಗೈಯಗಲ. ಒಳಗೆ ಮೂಳೆ ಕಾಣುತ್ತಿತ್ತು.

ಸೊಸೆ ಹಿಂದಕ್ಕೆ ಸರಿದು ಗೋಡೆಯ ಬದಿಗೆ ಕೂತಳು. ವೈದ್ಯ ಮುದುಕನನ್ನು ಕೇಳಿದ: "ಯಜಮಾನರೆ, ಇಷ್ಟು ನೋವನ್ನು ಹೇಗೆ ನುಂಗಿಕೊಂಡಿರಿ? ಬೀದಿಯ ಆ ಗಾಡಿಯವನು ಗೋಡೆ ಹಿಡಿದು ನಿಲ್ಲುತ್ತಿದ್ದಾನೆ. ಅವನ ಬೆನ್ನಿನಲ್ಲಿ ಒಂದು ಗೀರೂ ಇಲ್ಲ. ನೀವು ಏಕೆ ಒಂದು ಮಾತು ಹೇಳಲಿಲ್ಲ?"

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಮಾತು ಬಲ್ಲವನು ಆಗ ಸವಿಮಾತನ್ನು ಬದಿಗಿಟ್ಟ. ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಹೇಳಿದ:

"ಅವಳು ಈ ಮನೆಗೆ ಬಂದಾಗಿನಿಂದ ಬೈಗುಳವನ್ನೇ ಉಂಡವಳು. ನಾನು ಕೂತು ನೋಡಿದವನು. ನನ್ನ ಹತ್ತಿರ ಅವಳಿಗೆ ಕೊಡಲು ಇನ್ನೇನಿತ್ತು? ನೋವು ಎಂದರೆ ಅವಳ ಮುಖ ಬಾಡುತ್ತಿತ್ತು. ಚೆನ್ನಾಗಿದೆ ಎಂದರೆ ಅರಳುತ್ತಿತ್ತು." ಸ್ವಲ್ಪ ತಡೆದು ಮತ್ತೆ ಹೇಳಿದ: "ಅದೊಂದೇ ಅಲ್ಲ. ನನಗೆ ಭಯವೂ ಇತ್ತು. ಗೋಳು ತೋಡಿಕೊಂಡರೆ ಅವಳಿಗೆ ಬೇಸರ ಬಂದೀತು. ಬೇಸರ ಬಂದು ಕೈ ಬಿಟ್ಟರೆ ನನಗೆ ಯಾರಿದ್ದಾರೆ?"

ಈ ಮಾತನ್ನು ಸರಿಯಾಗಿ ಕೇಳಿಸಿಕೋ, ಮರುಳಯ್ಯ. ಹಾಸಿಗೆ ಹಿಡಿದವನ ಕೃತಜ್ಞತೆಯಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಅವನಿಗೇ ತಿಳಿದಿರುವುದಿಲ್ಲ.

ಸೊಸೆ ಎದ್ದು ಬಂದಳು. ಮಂಚದ ಆ ಬದಿಗೆ, ಅವನ ಮುಖ ಕಾಣುವ ಹಾಗೆ ಬಂದು ನಿಂತಳು.

"ನೀವು ಹೇಳಲಿಲ್ಲ ಎನ್ನುವುದು ಸುಳ್ಳು ಮಾವಯ್ಯ. ನಿಮ್ಮ ಕಣ್ಣು ಹೇಳಿತು. ನಾತವೂ ಹೇಳಿತು. ನನಗೆ ಹೊಗಳಿಕೆ ಬೇಕಿತ್ತು, ಅದಕ್ಕೆ ಅದನ್ನು ಮಾತ್ರ ಕೇಳಿಸಿಕೊಂಡೆ. ಇನ್ನು ಮೇಲೆ ನನ್ನನ್ನು ಹೊಗಳಿದರೆ ನನ್ನ ಮೇಲಾಣೆ. ಎಲ್ಲಿ ನೋವು, ಅದನ್ನು ಹೇಳಿ. ಬೈದು ಹೇಳಿ. ನಾನು ಎಲ್ಲಿಗೂ ಹೋಗುವುದಿಲ್ಲ."

ವೈದ್ಯ ಬೇವಿನ ಕಷಾಯದಲ್ಲಿ ತೊಳೆಯುವುದನ್ನು ತೋರಿಸಿಕೊಟ್ಟ. ಬಾಳೆಯ ಎಳೆಯ ಎಲೆ ಹಾಸಿ ಅದರ ಮೇಲೆ ಮಲಗಿಸಲು ಹೇಳಿದ. ಅವಳು ಮಾಡಿದಳು. ನಾಚಿಕೆಯನ್ನು ಹೊಸ್ತಿಲ ಆಚೆ ಬಿಟ್ಟು ಮಾಡಿದಳು. ಗಂಡ ಮನೆಗೆ ಬಂದಾಗ ಅವನ ಕೈಗೂ ಕಷಾಯದ ಪಾತ್ರೆ ಕೊಟ್ಟಳು.

ಆದರೆ ಬಾಯಿಗೆ ಬಂದ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೆ? ಹುಣ್ಣು ತೊಳೆಯುತ್ತಿದ್ದರೆ ಮುದುಕ ಮೈಯೆಲ್ಲ ಬೆವೆತು, "ಏನೂ ಇಲ್ಲ ತಾಯಿ, ತಂಪಾಗಿದೆ" ಎನ್ನುವನು. ಅವಳು ಕೈ ನಿಲ್ಲಿಸಿ ಕಾಯುವಳು. ನಿಜ ಹೇಳುವವರೆಗೆ ಕಾಯುವಳು. ಒಂದು ದಿನ ಅವಳ ಬೆರಳು ತಗಲಬಾರದ ಕಡೆ ತಗಲಿತು. ಮುದುಕ ತಡೆಯಲಾರದೆ ಕೂಗಿದ: "ಅಯ್ಯೋ! ಮೆಲ್ಲಗೆ ಕಣೇ ಕತ್ತೆ! ಎಡಕ್ಕೆ, ಎಡಕ್ಕೆ!"

ಕೂಗಿದವನು ತಾನೇ ಬೆಚ್ಚಿ ನಾಲಿಗೆ ಕಚ್ಚಿಕೊಂಡ. ಸೊಸೆಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. "ಹಾಗೆ ಹೇಳಿ ಮಾವಯ್ಯ, ಎಡಕ್ಕೆ ಎಂದು ಹೇಳಿ" ಎನ್ನುತ್ತ ಎಡಗಡೆ ಒರೆಸಿದಳು. ಅಂದಿನಿಂದ ಬಳೆಗಾರ ಬೈಯಲು ಕಲಿತ. ತಡವಾಗಿ ಕಲಿತವನಾದರೂ ಚೆನ್ನಾಗಿಯೇ ಕಲಿತ. ಅವನು ಎಲ್ಲಿ ಬೈದನೋ ಅಲ್ಲಿ ಅವಳ ಕೈ ಹಗುರಾಗುತ್ತಿತ್ತು. ಬೀದಿಯವರು ಕಿವಿಗೆ ಕೈ ಹಚ್ಚಿಕೊಂಡು, "ಮುದುಕನಿಗೆ ಅರಳು ಮರಳು. ಉಂಡ ಮನೆಗೆ ಎರಡು ಬಗೆಯುತ್ತಾನೆ" ಎಂದರು. ಮಂಚದ ಸುತ್ತ ಬಂದು ಕೂರುವುದನ್ನು ಬಿಟ್ಟರು.

ಹುಣ್ಣು ಅಂಚಿನಿಂದ ಮಾಯುತ್ತ ಬಂತು. ಆದರೆ ಒಳಗಿನ ಕೀವು ಮೈಯ ಶಕ್ತಿಯನ್ನೆಲ್ಲ ಹೀರಿಬಿಟ್ಟಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮುದುಕ ಸತ್ತ. ಮೊದಲೇ ನೋಡಿದ್ದರೆ ಬದುಕುತ್ತಿದ್ದ. ವೈದ್ಯ ಅದನ್ನು ಹೇಳಲಿಲ್ಲ. ಸೊಸೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೆಣದ ಮುಂದೆ ಕೂತಿದ್ದ ಅವಳ ಹತ್ತಿರ ಬೀದಿಯ ಒಬ್ಬ ಮುದುಕಿ ಬಂದು ತಲೆ ಸವರಿ ಹೇಳಿದಳು: "ಕೊನೆಗಾಲದಲ್ಲಿ ನಿನಗೊಂದು ಒಳ್ಳೆಯ ಮಾತೂ ಆಡದೆ ಹೋದನಲ್ಲೇ ತಾಯಿ. ಎಷ್ಟು ಮಾಡಿದ್ದೆ ನೀನು!"

ಸೊಸೆ ಹೇಳಿದಳು: "ಒಳ್ಳೆಯ ಮಾತಾಡುವಾಗ ಅವರಿಗೆ ನನ್ನ ಭಯವಿತ್ತು ಅಜ್ಜಿ. ಆಮೇಲೆ ಭಯವಿರಲಿಲ್ಲ. ನನ್ನ ಮುಂದೆ ಬಾಯಿಬಿಟ್ಟು ನರಳಿದರು. ನನಗೆ ಅಷ್ಟು ಸಾಕು."

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಎದ್ದು ಗುರುಗಳ ಕಾಲಿಗೆ ಅಡ್ಡಬಿದ್ದ.

"ತಿಳಿಯಿತು, ಬುದ್ಧಿ. ಅವನು ಬೈಯುತ್ತಿದ್ದಾನೆಂದು ಮಾತ್ರ ನೋಡಿದೆ. ಏಕೆಂದು ನೋಡಲಿಲ್ಲ. ನಾನು ಊರಿಗೆ ಹೋಗುವುದಿಲ್ಲ. ಈಗಲೇ ಹೋಗಿ ಅವನ ಮಂಚದ ಹತ್ತಿರ ಕೂರುತ್ತೇನೆ."

"ಅವನು ಕೂಗಿ ಕರೆಯುತ್ತಾನೆ, ಆಮೇಲೆ ಹೋದರೂ ಆದೀತು; ಮೊದಲು ನಿನಗೆ ಕೈ ಮುಗಿಯುವವನ ಬೆನ್ನು ನೋಡಿ ಬಾ" ಎಂದರು ಗುರುಗಳು.

ಮರುಳಯ್ಯ ಬಿಸಿನೀರಿನ ಪಾತ್ರೆ ಹಿಡಿದು ಮೂಲೆಯ ಮಂಚದ ಕಡೆಗೆ ಹೋದ.